ಮರಳಿನ ಬಕೆಟ್

ಹಳದಿ ದೀಪ ಹೊತ್ತಿಕೊಂಡದ್ದೇ ತಡ, ಅವಳ ಗಂಡ ಕೀ ತಿರುಗಿಸಿ ಎಂಜಿನ್ ಆರಿಸಿದ. ಟಿಪ್ಪರ್ ಲಾರಿ ಒಮ್ಮೆ ಮೈ ಕೊಡವಿ, ಪೆಟ್ರೋಲ್ ಬಂಕಿನ ಮೂಲೆಯಲ್ಲಿದ್ದ ಹೊಗೆ ತಪಾಸಣೆಯ ಗೂಡಿನ ಮುಂದೆ, ದಾರಿಗೆ ಅಡ್ಡವಾಗಿಯೇ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ವ್ಯಾನಿನವನು ಹಾರ್ನ್ ಒತ್ತಿ ಹಿಡಿದ. ಗಂಡ ಅವನತ್ತ ತಿರುಗಿಯೂ ನೋಡಲಿಲ್ಲ. ಕೆಳಗಿಳಿದು, ಸೈಲೆನ್ಸರಿನ ಪಕ್ಕ ಬಗ್ಗಿ, ನಾಯಿಯ ಹಾಗೆ ಎರಡು ಸಲ ಮೂಸಿದ.

"ಸುಟ್ಟ ವಾಸನೆ. ಮತ್ತೆ ಶುರು ಆಯ್ತು ನೋಡು," ಎಂದ ಗೂಡಿನ ಕಿಟಕಿಯತ್ತ.

ಒಳಗೆ ಅವಳು ಯಾವುದೋ ಕಾರಿನ ಪರೀಕ್ಷೆ ಮುಗಿಸಿ ಚೀಟಿ ಮುದ್ರಿಸುತ್ತಿದ್ದಳು. ಎರಡು ಕುರ್ಚಿ ಹಿಡಿಸದ ತಗಡಿನ ಗೂಡು ಅದು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮೊಳೆಗೆ ಸುತ್ತಿ ನೇತುಹಾಕಿದ ರಬ್ಬರ್ ಪೈಪು, ಅದರ ತುದಿಗೊಂದು ಉಕ್ಕಿನ ಕಡ್ಡಿ. ಆ ಕಡ್ಡಿಯನ್ನು ಗಾಡಿಗಳ ಹೊಗೆ ಕೊಳವೆಗೆ ತೂರಿಸಿ, ಯಂತ್ರ ತೋರಿಸಿದ ಅಂಕಿಯನ್ನು ಅಚ್ಚು ಹಾಕಿ ಕೊಡುವುದು ಅವಳ ಕೆಲಸ. ಆ ರಸ್ತೆಯ ಡ್ರೈವರುಗಳು ಅವಳನ್ನು ಕರೆಯುವುದೇ ಹೊಗೆ ಅಕ್ಕ ಎಂದು. ಸಂಜೆ ಗೂಡು ಮುಚ್ಚುವ ಮೊದಲು ಕಡ್ಡಿಯನ್ನು ಒರೆಸಿದ ಬಟ್ಟೆ ಕಪ್ಪಾಗಿರುತ್ತಿತ್ತು. ತನ್ನ ಲಾರಿಯನ್ನು ಪರೀಕ್ಷೆ ಮಾಡಿದ ದಿನ ಮಾತ್ರ ಕಡ್ಡಿ ಒಳಗೆ ಹೋದ ಹಾಗೆಯೇ ಹೊರಗೆ ಬಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ಕಾರಿನವನು ಚೀಟಿ ತೆಗೆದುಕೊಂಡು ಹೋದ ಮೇಲೆ ಗಂಡ ಕಿಟಕಿಗೆ ಮೊಣಕೈ ಊರಿದ.

"ಮೇಸ್ತ್ರಿ ಹತ್ರ ಮಾತಾಡಿ ಬಂದೆ. ಆ ಫಿಲ್ಟರ್ ಕುಯ್ದು ಬಿಸಾಡಿದ್ರೆ ಮುಗೀತು ಅಂದ. ಗಾಡಿ ಉಸಿರಾಡತ್ತೆ, ಮೈಲೇಜ್ ಬರತ್ತೆ."

ಲಾರಿಯ ಸೈಲೆನ್ಸರಿನೊಳಗೆ ಮಸಿ ಹಿಡಿಯುವ ಒಂದು ಜಾಲರಿ ಇತ್ತು. ಫಿಲ್ಟರ್ ಎಂದರೆ ಅದೇ. ಅದು ಮಸಿ ಹಿಡಿಯುತ್ತದೆ ಎಂಬುದು ಅವಳಿಗೆ ಗೊತ್ತು. ಹಿಡಿದದ್ದನ್ನು ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಅವಳ ಕಸುಬು ಕೊಳವೆಯ ತುದಿಯಿಂದ ಈಚಿನದು.

"ಗ್ಯಾರಂಟಿ?" ಎಂದಳು.

"ಗ್ಯಾರಂಟಿನ ಏನು ಉಪ್ಪಿನಕಾಯಿ ಹಾಕೋಣ್ವಾ? ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡ್ತಿದ್ದ ಗಾಡಿ ಮೂರಕ್ಕೆ ಬಂದು ಕೂತಿದೆ. ಹೊಸ ಗಾಡಿ, ಮುದುಕನ ಥರ ಏದುಸಿರು ಬಿಡತ್ತೆ. ಗ್ಯಾರಂಟಿ ಅನ್ನೋ ಮಾತು ನಿಂದಲ್ಲ, ನಿನ್ನ ತಮ್ಮ ಬಾಯಿಗೆ ಹಾಕಿ ಕಳಿಸಿರೋದು."

"ಮಾತು ನಂದೇ. ಹೊಗೆ ಟೆಸ್ಟ್ ಏನು ಮಾಡ್ತೀರಿ?"

"ಅದಕ್ಕೆ ನೀನಿದೀಯಲ್ಲ."

ಅವಳು ಪ್ರಿಂಟರಿನ ಮುಚ್ಚಳ ಹಾಕಿದಳು. "ಸುಳ್ಳು ಚೀಟಿ ಕೊಡು ಅಂತೀರಾ?"

"ಸುಳ್ಳು ಅಂತ ಯಾರಂದ್ರು? ಕಣ್ಣು ಮುಚ್ಕೊಂಡು ನಿಜವಾದ ಚೀಟಿನೇ ಕೊಡು."

ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲವೆಂದು ಕಂಡ ಮೇಲೆ ಅವನ ಮುಖವೂ ಗಂಟಿಕ್ಕಿತು.

"ಇನ್ನೊಂದು. ಗಾಡಿ ಯಾರ ಹೆಸರಲ್ಲಿದೆಯೋ ಅವರೇ ಬಂದು ಒಪ್ಪಿಗೆ ಹೇಳ್ಬೇಕಂತೆ. ಹಿಂದೆ ಯಾರೋ ಕುಯ್ಸಿಕೊಂಡು ಹೋಗಿ ಆಮೇಲೆ ಗಲಾಟೆ ಮಾಡಿದ್ರಂತೆ. ಓಡಿಸೋನು ಹೇಳಿದ್ರೆ ಆಗಲ್ಲ ಅಂದ." ಓಡಿಸೋನು ಎಂಬುದನ್ನು ಅವನು ಬಾಯಿಗೆ ಬಂದ ಕಲ್ಲಿನ ಹಾಗೆ ಉಗಿದ. "ಯಜಮಾನಿ ಯಾವಾಗ ಬರ್ತಾರೋ ಹೇಳಿ."

ವ್ಯಾನಿನವನು ಈಗ ಇಳಿದು ಬಂದು ಜಗಳಕ್ಕೆ ನಿಂತಿದ್ದ. ಗಂಡ ಅವನಿಗೂ ಎರಡು ಮಾತು ಬಿಗಿದು, ಲಾರಿ ಹತ್ತಿ, ಕಾದ ಎಂಜಿನ್ ತಣ್ಣಗಾಗಲಿ ಎಂದು ಇನ್ನಷ್ಟು ಹೊತ್ತು ಬೇಕೆಂದೇ ಕೂತ.

ಲಾರಿ ಅವಳ ಹೆಸರಿನಲ್ಲಿ ಬಂದದ್ದು ಅಪ್ಪನಿಂದ. ಅಪ್ಪ ಆಯುಷ್ಯವೆಲ್ಲ ಲಾರಿ ಓಡಿಸಿದವನು. ಸಾಯುವ ಮೊದಲು ತನ್ನ ಹಳೆಯ ಲಾರಿಯನ್ನು ಮಗನಿಗೂ ಬರೆಯಲಿಲ್ಲ, ಅಳಿಯನಿಗೂ ಬರೆಯಲಿಲ್ಲ, ಮಗಳ ಹೆಸರಿಗೆ ಬರೆದು ಇಬ್ಬರ ಬಾಯಿಯನ್ನೂ ಮುಚ್ಚಿಸಿದ್ದ. ಆ ಹಳೆಯದನ್ನು ಕೊಟ್ಟು ಅದರ ಮೇಲೆ ಸಾಲ ಸೇರಿಸಿ ತಂದದ್ದು ಈ ಹೊಸದು. ವಾರದ ದಿನಗಳಲ್ಲಿ ಗಂಡ ಕ್ರಷರಿನಿಂದ ಜಲ್ಲಿ ತುಂಬಿಕೊಂಡು ಊರೊಳಗೆ ಕಟ್ಟಡ ಏಳುತ್ತಿರುವ ಕಡೆಗೆಲ್ಲ ಹಾಕುತ್ತಿದ್ದ. ಒಂದೊಂದು ಓಡಾಟವೂ ಮೂರ್ನಾಲ್ಕು ಮೈಲಿ, ದಾರಿಯುದ್ದಕ್ಕೂ ಸಿಗ್ನಲ್ಲು. ಬಸ್ ಡಿಪೋದ ಟೈರ್ ವಿಭಾಗದಲ್ಲಿದ್ದ ತಮ್ಮ ಶನಿವಾರ ಭಾನುವಾರ ಹೆದ್ದಾರಿಯ ದೂರದ ಲೋಡು ಹೊಡೆಯುತ್ತಿದ್ದ. ಅವನು ಓಡಿಸಿದ ದಿನ ಲಾರಿ ಸರಿಯಾಗಿ ನಾಲ್ಕು ಕೊಡುತ್ತಿತ್ತು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಅದಕ್ಕೆ ಕಾರಣ ಲಾರಿಯ ಹೊಟ್ಟೆಯ ಕೆಳಗೆ ಕೊಕ್ಕೆಗೆ ನೇತಾಡುತ್ತಿದ್ದ, ಮರಳು ತುಂಬಿದ ಕೆಂಪು ಬಕೆಟ್. ಹಿಂದೆ, ಗಂಡ ಅವಳ ಅಪ್ಪನ ಲಾರಿಯಲ್ಲಿ ಕ್ಲೀನರಾಗಿದ್ದಾಗ, ಏರುದಾರಿಯಲ್ಲಿ ಒಮ್ಮೆ ಅವನ ಮೂಗಿಗೆ ವೈರು ಸುಟ್ಟ ವಾಸನೆ ಬಡಿಯಿತು. ಅಪ್ಪ ಕೆಳಗಿಳಿದು ಯಾರೊಂದಿಗೋ ಮಾತಾಡುತ್ತಿದ್ದ. ಇವನು ಕೇಳಲಿಲ್ಲ, ಕರೆಯಲಿಲ್ಲ. ಕೈ ಚಾಚಿ ಎಂಜಿನ್ ಆರಿಸಿ, ರಸ್ತೆ ಬದಿಯ ಮರಳನ್ನು ಬೊಗಸೆ ಬೊಗಸೆಯಾಗಿ ಎರಚಿದ. ಲಾರಿ ಉಳಿಯಿತು, ಅದಕ್ಕೊಂದು ಮರಳಿನ ಬಕೆಟ್ಟೂ ಬಂತು. ಅಂದಿನಿಂದ ಅಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಟೀರಿಂಗ್ ಕಲಿಸಿದ. ಸುಟ್ಟ ವಾಸನೆ ಬಂದರೆ ಯೋಚನೆ ಮಾಡಬೇಡ, ಮೊದಲು ಆರಿಸು, ಆಮೇಲೆ ಯೋಚನೆ ಮಾಡು ಎಂಬುದು ಅಪ್ಪನ ಮೊದಲ ಪಾಠ, ಕೊನೆಯದೂ ಅದೇ. ಆಮೇಲೆ ಮಗಳನ್ನೂ ಕೊಟ್ಟ. ಮಗನಿಗೆ ಮಾತ್ರ, ನಿನಗೆ ತಾಳ್ಮೆಯಿಲ್ಲ ಎಂದು, ಸ್ಟೀರಿಂಗ್ ಮುಟ್ಟಲು ಬಿಡಲಿಲ್ಲ. ಮಗ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತ.

ಗಂಡ ಪ್ರತಿ ವರ್ಷ ಆ ಬಕೆಟ್ಟಿನ ಮರಳು ಬದಲಿಸುತ್ತಿದ್ದ. ಜರಡಿ ಹಿಡಿದು, ಕಲ್ಲು ಆರಿಸಿ, ಬಿಸಿಲಿಗೆ ಒಣಗಿಸಿ. ತಮ್ಮ ಅದನ್ನು ನೋಡಿದಾಗಲೆಲ್ಲ ಒಂದೇ ಮಾತು ಆಡುತ್ತಿದ್ದ: "ಎಲ್ಲರಿಗೂ ಜಾತಕ ನೋಡಿ ಹೆಣ್ಣು ಕೊಡ್ತಾರೆ, ನಮ್ಮ ಭಾವನಿಗೆ ಮರಳು ನೋಡಿ ಕೊಟ್ಟಿದ್ದು."

ಆ ಸಂಜೆ ಊಟಕ್ಕೆ ತಮ್ಮನೂ ಬಂದಿದ್ದ. ಕರೆಯದೆ ಬಂದಿದ್ದ. ಸುದ್ದಿ ಬಂಕಿನಿಂದ ಡಿಪೋಗೆ ತಲುಪಲು ಹೊತ್ತು ಹಿಡಿದಿರಲಿಲ್ಲ.

"ಕುಯ್ಸ್ತೀರಂತೆ, ಭಾವ."

"ಗಾಡಿ ಓಡಿಸೋನು ನಾನು. ನಿಂಗೆ ವಾರಕ್ಕೆರಡು ದಿನ ತಿರುಗಾಟ. ಹೆದ್ದಾರಿಯಲ್ಲಿ ಹಾಡು ಹಾಕ್ಕೊಂಡು ಹೋಗೋನಿಗೆ ಊರೊಳಗಿನ ಗೋಳು ಗೊತ್ತಾಗಲ್ಲ."

"ಕುಯ್ದ್ರೆ ಕಂಪನಿಯವನು ಗಾಡಿ ಮುಟ್ಟಲ್ಲ. ಗ್ಯಾರಂಟಿ ಇನ್ನೂ ಎರಡು ವರ್ಷ ಇದೆ. ನಾಳೆ ಎಂಜಿನ್ನಿನ ಟರ್ಬೊ ಹೋದ್ರೆ ಏನು ಮಾಡ್ತೀರಿ? ಮರಳು ಹಾಕ್ತೀರಾ?"

ಗಂಡ ತಟ್ಟೆ ಸರಿಸಿದ. "ನೋಡೇ, ನಿನ್ನ ತಮ್ಮನಿಗೆ ಹೇಳು. ನನ್ನ ಮನೇಲಿ ಕೂತು ಉಣ್ಣೋವಾಗ ನಾಲಿಗೆ ಬಾಯೊಳಗಿರ್ಲಿ."

"ಭಾವ, ಊಟ ಅಕ್ಕ ಹಾಕಿದ್ದು. ಗಾಡಿನೂ ಅಕ್ಕಂದೇ. ನಿಮ್ಮದು ಅನ್ನೋದು ಬಕೆಟ್ ಒಂದೇ."

"ಏಳೋ ಮೇಲೆ."

"ಇಬ್ಬರೂ ಸುಮ್ನಿರಿ," ಎಂದಳು ಅವಳು. "ಗಾಡಿ ನನ್ನ ಹೆಸರಲ್ಲಿದೆ ಅಂತ ಇಬ್ಬರೂ ನೆನಪಿಸಿದ್ರಿ. ಹಾಗಾದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

ಗಂಡ ಕೈ ತೊಳೆಯಲು ಎದ್ದು ಹೋದ. ತಮ್ಮ ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ನಿಧಾನವಾಗಿ ಉಂಡು ಮುಗಿಸಿದ.

ಮೇಸ್ತ್ರಿಯ ಶೆಡ್ಡು ಊರಾಚೆ, ಒಂದು ಬರಿ ಬಯಲಿನ ಅಂಚಿನಲ್ಲಿತ್ತು. ಅವಳು ಶನಿವಾರ ಬೆಳಗ್ಗೆ ಒಬ್ಬಳೇ ಹೋದಳು. ಒಳಗೆ ವೆಲ್ಡಿಂಗಿನ ನೀಲಿ ಬೆಳಕು, ನೆಲದ ಮೇಲೆ ಆಯಿಲಿನ ಹಳೆಯ ಕಲೆಗಳು. ಗೋಡೆಯ ಬದಿಗೆ, ಕೊಯ್ದು ತೆಗೆದ ಜಾಲರಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಒಡೆದ ಜೇನುಹಟ್ಟಿಯ ಹಾಗೆ ಕಾಣುತ್ತಿದ್ದವು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ.

"ಬನ್ನಿ ಅಕ್ಕ. ನೀವು ಬಂದ್ರೆ ಒಂಥರಾ ಇನ್ಸ್‌ಪೆಕ್ಟರ್ ಬಂದ ಹಾಗಾಗತ್ತೆ."

"ಇದನ್ನ ತೆಗೆದ್ರೆ ಎಷ್ಟು ಮೈಲೇಜ್ ಬರತ್ತೆ, ಮೇಸ್ತ್ರಿ? ನನ್ನ ಗಂಡನಿಗೆ ಹೇಳಿದ್ದು ಬೇಡ. ನನಗೆ ಹೇಳಿ."

ಅವನು ಕೈಯನ್ನು ಹೊಲಸು ಬಟ್ಟೆಯಿಂದ ಒರೆಸಿಕೊಂಡ. "ನೂರಕ್ಕೆ ನಾಲ್ಕೈದು ಪಾಲು ಮಿಗಬಹುದು. ಕೆಲವರು ಹತ್ತು ಅಂತಾರೆ, ನಾನು ಕಂಡಿಲ್ಲ. ಗಾಡಿ ಹಗುರ ಆಗತ್ತೆ, ಏರು ಹತ್ತತ್ತೆ. ಗಾಡಿಯ ಕಂಪ್ಯೂಟರಿಗೆ ಫಿಲ್ಟರ್ ಇದೆ ಅಂತ ಸುಳ್ಳು ಹೇಳ್ಬೇಕು, ಅದು ನನ್ನ ಹುಡುಗರು ನೋಡ್ಕೋತಾರೆ. ಹೊರಗಿನ ಡಬ್ಬ ಹಾಗೇ ಬೆಸುಗೆ ಹಾಕಿ ಕೊಡ್ತೀನಿ. ನೋಡೋರಿಗೆ ಎಲ್ಲ ಸರಿ ಇದೆ, ಒಳಗೆ ಖಾಲಿ."

"ನಾಲ್ಕರಿಂದ ಮೂರಕ್ಕೆ ಇಳಿದಿರೋದು ನೂರಕ್ಕೆ ಇಪ್ಪತ್ತೈದು."

"ಅದನ್ನ ನಾನು ಕೇಳಿಲ್ಲ, ಅವರು ಹೇಳಿಲ್ಲ. ಕುಯ್ಯಿ ಅಂದ್ರೆ ಕುಯ್ತೀನಿ. ಯಾಕೆ ಅಂತ ಕೇಳಿದ್ರೆ ಶೆಡ್ ಬಾಗಿಲು ಹಾಕ್ಬೇಕಾಗತ್ತೆ."

"ಗ್ಯಾರಂಟಿ?"

ಮೇಸ್ತ್ರಿ ಗಲ್ಲ ಎತ್ತಿ ಬಯಲಿನತ್ತ ತೋರಿಸಿದ. ಅಲ್ಲೊಂದು ಲಾರಿ ನಿಂತಿತ್ತು. ಚಕ್ರಗಳ ಗಾಳಿ ಇಳಿದು ರಿಮ್ಮು ಮಣ್ಣಿಗೆ ಕೂತಿತ್ತು. "ಅದು ಕ್ವಾರಿಯೋರ ಗಾಡಿ. ನಾನೇ ಕುಯ್ದಿದ್ದೆ. ಆಮೇಲೆ ಎಂಜಿನ್ ಕೂತ್ಕೊಳ್ತು. ಕುಯ್ದಿದ್ದಕ್ಕೆ ಕೂತಿದ್ದಲ್ಲ, ಬೇರೆ ಏನೋ. ಆದ್ರೆ ಕಂಪನಿಯವನು ಡಬ್ಬ ತಟ್ಟಿ ನೋಡಿದ, ಟಣ್ ಅಂತು, ಟೋಪಿ ಹಾಕ್ಕೊಂಡು ಹೊರಟುಹೋದ. ಅವರು ಬಂದು ನನ್ನ ಕೊರಳಪಟ್ಟಿ ಹಿಡಿದ್ರು. ಅದಕ್ಕೇ ಈಗ ಯಜಮಾನರೇ ಬರ್ಲಿ ಅನ್ನೋದು."

ಅವಳು ಬಾಗಿಲಲ್ಲಿ ನಿಂತಿದ್ದ ಇನ್ನೊಂದು ಲಾರಿಯ ಹೊಗೆ ಕೊಳವೆಯೊಳಗೆ ಬೆರಳು ಹಾಕಿ ತೆಗೆದಳು. ಬೆರಳು ಕಾಡಿಗೆಯಲ್ಲಿ ಅದ್ದಿದ ಹಾಗಾಗಿತ್ತು. ಗಾಡಿಯ ನಂಬರು ಪರಿಚಯದ್ದೆನಿಸಿತು.

"ಇದಕ್ಕೆ ನೀವೇ ಚೀಟಿ ಕೊಟ್ಟಿದ್ದು," ಎಂದ ಮೇಸ್ತ್ರಿ. ಅವನ ದನಿಯಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನಿಮ್ಮ ಯಂತ್ರದ ಮಿತಿ ಸಡಿಲ ಅಕ್ಕ. ಎಂಜಿನ್ ಚೆನ್ನಾಗಿದ್ರೆ ಫಿಲ್ಟರ್ ಇಲ್ದೇನೂ ಪಾಸ್ ಆಗತ್ತೆ. ನಿಮ್ಮ ಹತ್ರ ಬರೋ ಅರ್ಧ ಗಾಡಿ ನಾನು ಕುಯ್ದಿರೋದೇ. ನಿಮ್ಮ ಯಜಮಾನರು ಅದನ್ನ ನೆಚ್ಕೊಂಡೇ ಮಾತಾಡಿರೋದು."

ಅವಳು ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡಳು. ಮಸಿ ಹೋಗಲಿಲ್ಲ. "ಮುಂದಿನ ಶುಕ್ರವಾರ ಬಂದು ಹೇಳ್ತೀನಿ," ಎಂದಳು.

ಮರುದಿನ ತಮ್ಮ ಹೆದ್ದಾರಿಯ ಲೋಡಿಗೆ ಹೊರಟಾಗ ಅವಳೂ ಲಾರಿ ಹತ್ತಿದಳು.

"ನೀನ್ಯಾಕೆ?"

"ಮೈಲೇಜ್ ಕಣ್ಣಾರೆ ನೋಡ್ತೀನಿ. ಒಬ್ಬರ ಮಾತಿನ ಮೇಲೂ ನಂಗೆ ನಂಬಿಕೆ ಉಳಿದಿಲ್ಲ."

ಊರು ಹಿಂದೆ ಬಿದ್ದು, ರಸ್ತೆ ಅಗಲವಾಗಿ, ಲಾರಿ ಒಂದೇ ವೇಗ ಹಿಡಿಯಿತು. ತಮ್ಮ ನಿಜಕ್ಕೂ ಹಾಡು ಹಾಕಿದ. ಸ್ವಲ್ಪ ಹೊತ್ತಿಗೆ ಸ್ಟೀರಿಂಗಿನ ಹಿಂದೆ ಹಳದಿ ದೀಪ ಹೊತ್ತಿತು. ಎಂಜಿನ್ನಿನ ಸದ್ದು ತುಸು ಗಡಸಾಯಿತು. ಮುಂದೆ ಟ್ರಾಫಿಕ್ಕು ಕಟ್ಟಿಕೊಂಡು ಲಾರಿ ನಿಧಾನಿಸಿದಾಗ, ತೆರೆದ ಕಿಟಕಿಯಿಂದ ಸುಟ್ಟ ವಾಸನೆ ಒಳಗೆ ಬಂತು. ಅವಳು ಯೋಚನೆ ಮಾಡಲಿಲ್ಲ. ಅವಳ ಕೈ ತಾನಾಗಿಯೇ ಕೀ ಕಡೆಗೆ ಹೋಯಿತು.

ತಮ್ಮ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದ. "ಅಪ್ಪನ ಮಗಳೇ ನೀನು. ಕೂತ್ಕೋ. ಏನೂ ಆಗಿಲ್ಲ."

"ವಾಸನೆ ಬರ್ತಿದೆ ಕಣೋ!"

"ಬರ್ಬೇಕು. ಜಾಲರಿಯಲ್ಲಿ ಕೂತ ಮಸಿನ ಗಾಡಿನೇ ಸುಟ್ಕೋತಾ ಇದೆ. ಅದಕ್ಕೆ ಒಂದಿಷ್ಟು ಡೀಸೆಲ್ ಜಾಸ್ತಿ ಕುಡಿಯತ್ತೆ. ಸುಟ್ಟು ಮುಗಿಸೋಕೆ ಅರ್ಧ ಗಂಟೆ ಬಿಡ್ಬೇಕು. ದೀಪ ತಾನೇ ಆರತ್ತೆ, ಆಮೇಲೆ ಎರಡು ಮೂರು ದಿನ ಚಿಂತೆ ಇಲ್ಲ. ಮಧ್ಯದಲ್ಲಿ ಆರಿಸಿದ್ರೆ ಕುಡಿದಿದ್ದೆಲ್ಲ ದಂಡ. ಮಸಿ ಅಲ್ಲೇ, ಮತ್ತೆ ಮೊದಲಿಂದ ಕುಡಿ, ಮತ್ತೆ ಸುಡು. ನಿಂತಿರೋವಾಗ ಸುಡೋಕೆ ಬೇಕಾದ್ರೆ ನೋಡು, ಇಲ್ಲೊಂದು ಗುಂಡಿ ಇದೆ. ಇದನ್ನ ಒತ್ತಿ ಹಿಡಿದ್ರಾಯ್ತು."

ಅವಳು ಆ ಗುಂಡಿಯನ್ನು ನೋಡಿದಳು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಯಾರೂ ಕಿತ್ತಿರಲಿಲ್ಲ.

"ನಿನ್ನ ಭಾವ ಪ್ರತಿ ಸಲ ಆರಿಸ್ತಾರೆ," ಎಂದಳು.

"ಗೊತ್ತು."

ಅವಳು ಹಾಡು ನಿಲ್ಲಿಸಿದಳು. "ಗೊತ್ತು ಅಂದ್ರೆ?"

"ಬಂಕಿನಲ್ಲಿ ಎಷ್ಟು ಸಲ ನೋಡಿದೀನಿ. ದೀಪ ಬಂತು, ಆರಿಸಿದ್ರು, ಇಳಿದು ಮೂಸಿದ್ರು. ಊರೊಳಗಿನ ಓಡಾಟದಲ್ಲಿ ಮೊದ್ಲೇ ಗಾಡಿ ಸರಿಯಾಗಿ ಕಾಯಲ್ಲ. ಅದರ ಮೇಲೆ ಇದು. ಮೂರು ಬರ್ತಿರೋದೇ ಪುಣ್ಯ."

"ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ನಾನ್ಯಾಕೆ ಹೇಳ್ಲಿ? ಗಾಡಿ ತಂದ ದಿನ ಕಂಪನಿಯವನು ಕೂರಿಸಿ ಹೇಳೋಕೆ ಬಂದ. ಭಾವ ಏನಂದ್ರು? ನನಗೆ ಗಾಡಿ ಓಡಿಸೋಕೆ ಕಲಿಸ್ತಾನಾ ಇವನು ಅಂತ ಟೀ ಕುಡಿಯೋಕೆ ಎದ್ದು ಹೋದ್ರು. ನಾನು ಕೂತು ಕೇಳಿದೆ." ಅವನು ಸ್ಟೀರಿಂಗನ್ನು ಬೆರಳಿನಿಂದ ತಟ್ಟುತ್ತಿದ್ದ. "ಅಪ್ಪ ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ ಪಾಠ ಅದು. ನನಗೆ ಬಾಗಿಲು ಹಿಡ್ಕೊಂಡು ನಿಲ್ಲೋಕೂ ಬಿಡ್ಲಿಲ್ಲ. ಕಲಿತೋರು ಅನುಭವಿಸ್ಲಿ."

"ಡೀಸೆಲ್ ನಂದು ಕಣೋ. ಗಾಡಿ ನಂದು."

"ಇನ್ನೆರಡು ತಿಂಗಳು ಹೋಗಿದ್ರೆ ನೀನೇ ಬೇಸತ್ತು ವಾರ ಪೂರ್ತಿ ಸ್ಟೀರಿಂಗ್ ನನ್ನ ಕೈಗೆ ಕೊಡ್ತಿದ್ದೆ. ಡಿಪೋದಲ್ಲಿ ಟೈರ್ ಉರುಳಿಸೋದು ನಂಗೂ ಸಾಕಾಗಿದೆ. ಅವರು ಕುಯ್ಸೋಕೆ ಹೊರಡ್ತಾರೆ ಅಂತ ಯಾರಿಗೆ ಗೊತ್ತಿತ್ತು? ಅದಕ್ಕೇ ಗ್ಯಾರಂಟಿ ಗ್ಯಾರಂಟಿ ಅಂತ ಬಾಯಿ ಬಡ್ಕೊಂಡಿದ್ದು."

"ನಿಲ್ಲಿಸು. ನಾನು ಇಲ್ಲೇ ಇಳೀತೀನಿ."

ತಮ್ಮ ದೀಪದ ಕಡೆ ತೋರಿಸಿ ನಕ್ಕ. "ಇಳಿ. ಆದ್ರೆ ಈಗ್ಲೇ ನಿಲ್ಲಿಸಿ ಆರಿಸಿದ್ರೆ ಡೀಸೆಲ್ ದಂಡ. ಈಗ ತಾನೇ ಹೇಳಿದ್ನಲ್ಲ."

ದೀಪ ಆರುವವರೆಗೆ ಅವಳು ಅವನ ಪಕ್ಕದಲ್ಲಿ ಕೂರಬೇಕಾಯಿತು. ವಾಸನೆ ಅವಳ ಸೀರೆಗೆ, ಕೂದಲಿಗೆ ಹತ್ತಿಕೊಂಡಿತು. ಸಂಜೆ ಮನೆಯ ಮುಂದೆ ಇಳಿಯುವಾಗ ಕೀ ಕಿತ್ತುಕೊಂಡಳು.

"ಇನ್ಮೇಲೆ ಶನಿವಾರ ಭಾನುವಾರ ನೀನು ಬರೋದು ಬೇಡ."

"ಯಾರು ಓಡಿಸ್ತಾರೆ? ಅವರಾ? ಹೋಗಿ ಹೇಳು ನೋಡೋಣ, ನಿಮ್ಮ ಪಾಠ ತಪ್ಪು ಅಂತ. ನಿನ್ನ ಬಾಯಲ್ಲಿ ಅದು ಬರಲ್ಲ ಅಕ್ಕ."

ಬರಲಿಲ್ಲ. ಸೋಮವಾರ ಗಂಡ ಹೊರಡುವಾಗ ಹೇಳಬೇಕೆಂದುಕೊಂಡಳು. ಅವನು ಬಕೆಟ್ಟಿನ ಕೊಕ್ಕೆ ಭದ್ರವಾಗಿದೆಯೇ ಎಂದು ಬಗ್ಗಿ ಎಳೆದು ನೋಡುತ್ತಿದ್ದ. ದಿನವೂ ನೋಡುತ್ತಿದ್ದ. ಆ ಮನುಷ್ಯನಿಗೆ ಬದುಕಿನಲ್ಲಿ ಸಿಕ್ಕಿದ್ದೆಲ್ಲ, ಸ್ಟೀರಿಂಗು, ಮಾವನ ನಂಬಿಕೆ, ಹೆಂಡತಿ, ಒಂದು ವಾಸನೆಗೆ ಥಟ್ಟನೆ ಕೈ ಚಾಚಿದ್ದಕ್ಕೆ ಸಿಕ್ಕಿದ್ದು. ಆ ಕೈಯೇ ಈಗ ಲಾರಿಯನ್ನು ತಿನ್ನುತ್ತಿದೆ ಎಂದು ಯಾವ ಮಾತಿನಲ್ಲಿ ಹೇಳುವುದು? ಬುಧವಾರ ಅವನೇ ಜಗಳ ತೆಗೆದ. ಭಾನುವಾರ ಅವಳು ತಮ್ಮನ ಜೊತೆ ಹೋದದ್ದು ತನ್ನ ಮೇಲೆ ಚಾಡಿ ಕೇಳಲು ಎಂದ. ಅಕ್ಕ ತಮ್ಮ ಸೇರಿ ತನ್ನನ್ನು ಲಾರಿಯಿಂದ ಇಳಿಸಲು ಕತ್ತಿ ಮಸೆಯುತ್ತಿದ್ದೀರಿ ಎಂದ. ಆ ಮಾತು ಅರ್ಧ ನಿಜವಾಗಿತ್ತು.

ಶುಕ್ರವಾರ ಇಬ್ಬರೂ ಶೆಡ್ಡಿಗೆ ಹೊರಟರು. ದಾರಿಯುದ್ದಕ್ಕೂ ಅವನು ಗೆದ್ದವನ ಹಾಗೆ ಲಾರಿ ಓಡಿಸಿದ. ಅವಳು ಒಪ್ಪದಿದ್ದರೆ ಬರುತ್ತಲೇ ಇರಲಿಲ್ಲವೆಂಬುದು ಅವನ ಲೆಕ್ಕ. ಶೆಡ್ಡಿನ ಮುಂದೆ ಲಾರಿ ತಿರುಗಿಸುವಾಗ ಹಳದಿ ದೀಪ ಹೊತ್ತಿತು. ಮೇಸ್ತ್ರಿ ಆಗಲೇ ಹೊರಗೆ ಬಂದು, ಹಿಂದೆ, ಇನ್ನೂ ಹಿಂದೆ ಎಂದು ಕೈ ಬೀಸುತ್ತಿದ್ದ. ವಾಸನೆ ಬಂತು. ಗಂಡನ ಕೈ ಕೀ ಕಡೆಗೆ ಹೋಯಿತು.

"ಆರಿಸ್ಬೇಡಿ," ಎಂದಳು.

"ಏನು?"

"ಕೈ ತೆಗೀರಿ. ಆರಿಸ್ಬೇಡಿ."

ಅವನು ಆರಿಸಿಯೇ ಇಳಿದ. ಮೇಸ್ತ್ರಿಯ ಮುಂದೆ ನಿಂತು, ಲಾರಿಯೊಳಗಿದ್ದ ಅವಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ: "ಕುಯ್ಯಿ ಮೇಸ್ತ್ರಿ. ಯಜಮಾನಿ ಬಂದಿದಾರೆ. ಅಪ್ಪ ಹೆಸರು ಬರೆದಿಟ್ಟು ಹೋದ, ಅದನ್ನ ಹಿಡ್ಕೊಂಡು ಮೆರೀತಿದಾರೆ. ಕೇಳ್ಕೋ ಅವರ ಅಪ್ಪಣೆ."

ಅವಳು ಇಳಿದು ಬಂದಳು. ಮನೆಯಲ್ಲಿ, ಯಾರೂ ಇಲ್ಲದಾಗ, ಮೆಲ್ಲಗೆ ಹೇಳಬೇಕೆಂದು ಐದು ದಿನ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಕುಯ್ಯೋದು ಬೇಡ. ಗಾಡಿ ಕೆಡ್ಸಿರೋದು ಫಿಲ್ಟರ್ ಅಲ್ಲ. ನಿಮ್ಮ ಕೈ."

ಮೇಸ್ತ್ರಿ ಗಂಡನ ಕೈ ನೋಡಿದ. ಗಂಡನೂ ತನ್ನ ಕೈ ನೋಡಿಕೊಂಡ.

"ಆ ದೀಪ ಬಂದಾಗ ಗಾಡಿ ತನ್ನ ಮಸಿನ ತಾನೇ ಸುಟ್ಕೋಬೇಕು. ಅರ್ಧ ಗಂಟೆ ಬೇಕು ಅದಕ್ಕೆ. ನೀವು ಪ್ರತಿ ಸಲ ಅರ್ಧಕ್ಕೆ ಆರಿಸ್ತೀರಿ. ಡೀಸೆಲ್ ಅಲ್ಲಿಗೆ ಹೋಗ್ತಿದೆ. ಗಾಡಿ ತಂದ ದಿನವೇ ಕಂಪನಿಯವನು ಹೇಳಿದ್ದ. ನೀವು ಟೀ ಕುಡಿಯೋಕೆ ಹೋಗಿದ್ರಿ."

"ಅರ್ಧಕ್ಕೆ ಆರಿಸ್ತಾ ಇದ್ರಾ ಅಣ್ಣ?" ಎಂದ ಮೇಸ್ತ್ರಿ, ಮತ್ತೆ ಯಾಕೆ ಕೇಳಿದೆನೋ ಎಂಬಂತೆ ವೆಲ್ಡಿಂಗ್ ಕನ್ನಡಕವನ್ನು ಕಣ್ಣಿಗಿಳಿಸಿಕೊಂಡ.

ಗಂಡನ ಕುತ್ತಿಗೆ ಕೆಂಪೇರಿತು. "ಯಾರು ಹೇಳ್ಕೊಟ್ಟಿದ್ದು ಇದನ್ನ? ಅವನೇ ಅಲ್ವಾ?"

"ಅವನೇ. ಅವನಿಗೆ ಮೊದಲಿಂದ ಗೊತ್ತಿತ್ತು. ಬೇಕು ಅಂತ ಸುಮ್ನಿದ್ದ."

"ಆಹಾ. ಅವನು ಕಳ್ಳ, ನಾನು ದಡ್ಡ. ನೀನೊಬ್ಬಳು ಸಾಚಾ. ಹಾಗಾದ್ರೆ ನಿಮ್ಮಪ್ಪ ಹೇಳಿದ್ದು ಸುಳ್ಳಾ?"

"ಅಪ್ಪನ ಗಾಡಿಗೆ ನಿಜ."

"ನಿಜ ಅಂದ್ರೆ ಎಲ್ಲ ಗಾಡಿಗೂ ನಿಜ ಕಣೆ! ಬೆಂಕಿಗೇನು ಹೊಸ ಗಾಡಿ ಹಳೇ ಗಾಡಿ ಅಂತ ಗೊತ್ತಾಗತ್ತಾ?" ಅವನು ಜೇಬಿನಿಂದ ಕೀ ಎಳೆದ. "ಸರಿ. ಸುಡು. ನೀನೇ ಕೂತು ಸುಡು. ನಾನು ನೋಡ್ತೀನಿ ಏನೇನು ಸುಡತ್ತೆ ಅಂತ."

ಕೀ ಅವಳ ಕಾಲ ಬಳಿ ಬಂದು ಬಿತ್ತು.

"ಇಲ್ಲಿ ಬೇಡ ಅಕ್ಕ," ಎಂದ ಮೇಸ್ತ್ರಿ ಮೆಲ್ಲಗೆ. "ಸೈಲೆನ್ಸರ್ ಕೆಂಡ ಆಗತ್ತೆ. ಇಲ್ಲಿ ನೆಲ ಎಲ್ಲ ಆಯಿಲು. ಬಯಲಿಗೆ ಒಯ್ಯಿರಿ, ಅಲ್ಲಿ ಹುಲ್ಲೂ ಇಲ್ಲ."

ಲಾರಿಯನ್ನು ಬಯಲಿಗೆ ಒಯ್ದವನು ಮೇಸ್ತ್ರಿಯೇ. ಕ್ವಾರಿಯವರ ಸತ್ತ ಲಾರಿಯಿಂದ ಆಚೆ, ಬರಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ ಇಳಿದ. ಇದು ನನ್ನ ಕೆಲಸವಲ್ಲ ಎನ್ನುವಂತೆ ಬೇಗ ಬೇಗ ಶೆಡ್ಡಿಗೆ ನಡೆದ. ಅವಳು ಹತ್ತಿ ಗಂಡ ಕೂರುವ ಜಾಗದಲ್ಲಿ ಕೂತಳು. ಸೀಟು ಅವನ ಮೈಯ ಅಳತೆಗೆ ತಗ್ಗಿತ್ತು. ಗುಂಡಿಯ ಮೇಲಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕಿತ್ತು, ತಮ್ಮ ತೋರಿಸಿದ ಹಾಗೆ ಒತ್ತಿ ಹಿಡಿದಳು.

ಎಂಜಿನ್ ತಾನಾಗಿಯೇ ಏರಿತು. ಪೆಡಲ್ಲಿನ ಮೇಲೆ ಯಾರ ಕಾಲೂ ಇರಲಿಲ್ಲ. ಸೀಟು, ಗಾಜು, ಕನ್ನಡಿ ಎಲ್ಲ ಅದುರತೊಡಗಿದವು. ವಾಸನೆ ನಿಧಾನವಾಗಿ ಮೇಲೆ ಬಂತು.

ಗಂಡ ಲಾರಿಯ ಕೆಳಗೆ ಬಗ್ಗಿದ್ದನ್ನು ಅವಳು ಪಕ್ಕದ ಕನ್ನಡಿಯಲ್ಲಿ ಕಂಡಳು. ಕೊಕ್ಕೆಯಿಂದ ಬಕೆಟ್ ಬಿಡಿಸಿಕೊಂಡು ಅವನು ಹಿಂದಕ್ಕೆ ಹೋಗಿ ನಿಂತ. ಬಹಳ ದೂರವಲ್ಲ, ಎರಚಿದರೆ ಮರಳು ತಲುಪುವಷ್ಟು. ಹೊಗೆ ಕೊಳವೆಯ ಹಿಂದಿನ ಗಾಳಿ ಬಿಸಿಗೆ ನಡುಗುತ್ತಿತ್ತು. ಆ ನಡುಕದ ಆಚೆ ಅವನ ಮುಖ, ಅಂಗಿ, ಕೆಂಪು ಬಕೆಟ್, ಎಲ್ಲ ನೀರಿನಲ್ಲಿ ಕಂಡ ಹಾಗೆ ಕಾಣುತ್ತಿದ್ದವು.

"ಆರಿಸೇ!" ಎಂದು ಒಮ್ಮೆ ಕೂಗಿದ. "ಕೇಳಿಸ್ತಾ? ಆರಿಸು!"

ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಶೆಡ್ಡಿನಲ್ಲಿ ಕೆಲಸ ನಿಂತಿತ್ತು. ಬಾಗಿಲಲ್ಲಿ ನಾಲ್ಕೈದು ಜನ ಬಂದು ನಿಂತು ನೋಡುತ್ತಿದ್ದರು. ಒಬ್ಬ ಏನೋ ಅಂದ, ಉಳಿದವರು ನಕ್ಕರು. ಗಂಡ ಅತ್ತ ತಿರುಗಲಿಲ್ಲ. ಬಿಸಿಲು ಏರಿ ಅವನ ಅಂಗಿಯ ಬೆನ್ನು ಒದ್ದೆಯಾಯಿತು. ಅವನ ಕಣ್ಣು ಸೈಲೆನ್ಸರಿನಿಂದ ಕದಲಲಿಲ್ಲ. ಬಕೆಟ್ ಹಿಡಿದ ಕಡೆಯ ಹೆಗಲು ಇಳಿಯುತ್ತ ಬಂತು, ಆದರೂ ಅವನು ಅದನ್ನು ನೆಲಕ್ಕಿಡಲಿಲ್ಲ.

ಕೊನೆಗೆ ದೀಪ ಆರಿತು. ಎಂಜಿನ್ನಿನ ಸದ್ದು ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಇಳಿದು, ಹೊಸ ಲಾರಿಯ ಮೊದಲ ದಿನದ ಸದ್ದಿಗೆ ಬಂದು ನಿಂತಿತು. ಬಯಲು ಇದ್ದಕ್ಕಿದ್ದಂತೆ ದೊಡ್ಡದಾದ ಹಾಗಾಯಿತು. ಶೆಡ್ಡಿನವರು ಒಬ್ಬೊಬ್ಬರಾಗಿ ಒಳಗೆ ಹೋದರು.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದಳು. ಅವನು ಅಲ್ಲೇ ನಿಂತಿದ್ದ. ಅವಳನ್ನು ನೋಡಲಿಲ್ಲ. ಬಕೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡ.